ಮನೆಯವರ ಬಟ್ಟೆ

ಮಾರ್ಚ್ 3, ಸೋಮವಾರ

ಲಾಗೋಸಿನಲ್ಲಿ ಮತ್ತೆ ಕರೆಂಟಿಲ್ಲ. ಜನರೇಟರ್ ಸದ್ದಿನಲ್ಲೇ ಫೈಲು ಓದಿದೆ. ಚೀಫ್ ಅಡೆಗೊಕೆಯ ಹಿಟ್ಟಿನ ಗಿರಣಿ ಕಂಪನಿ. ಅದರ ಆಡಿಟರ್ ಒಡೆಬುನ್ಮಿ. ನನ್ನ ಕಣ್ಣು ಇರಬೇಕಾದ್ದು ಗಿರಣಿಯ ಮೇಲಲ್ಲ, ಈ ಆಡಿಟರ್ ಮೇಲೆ. ಕಾವಲು ನಾಯಿಗೆ ಕಳ್ಳನೇ ಅನ್ನ ಹಾಕುತ್ತಿದ್ದಾನೆಯೇ ಎಂದು ನೋಡುವ ಸರ್ಕಾರಿ ಕೆಲಸ.

ಜನವರಿ ಮೊದಲ ವಾರದಿಂದ ಇದೇ ಫೈಲು. ಒಡೆಬುನ್ಮಿ ಬರೆದುಕೊಟ್ಟಿರುವುದು: ಕಂಪನಿಯವರ ಜೊತೆ ನೆಂಟಸ್ತಿಕೆ — ಇಲ್ಲ. ಒಡನಾಟ — ಇಲ್ಲ. ಉಡುಗೊರೆ — ಇಲ್ಲ. ಇಷ್ಟು ಚೊಕ್ಕವಾಗಿದ್ದರೆ ನನಗೆ ನಂಬಿಕೆ ಬರುವುದಿಲ್ಲ.

ಅಬೆಯೊಕುಟಾದಿಂದ ಅಮ್ಮನ ಫೋನು. ಶನಿವಾರ ಯಾರದೋ ಮದುವೆಗೆ ಹೋಗಬೇಕಂತೆ. ಏನೋ ಬಟ್ಟೆಯ ಸುದ್ದಿ ತೆಗೆದಳು. "ಆಮೇಲೆ ಮಾಡ್ತೀನಮ್ಮ" ಎಂದು ಇಟ್ಟೆ. ಮಾಡಲಿಲ್ಲ.

ಮಾರ್ಚ್ 10

ಸಿಕ್ಕಿದ!

ನಿನ್ನೆಯ ಪೇಪರಿನಲ್ಲಿ ಚೀಫ್ ಮಗಳ ಮದುವೆಯ ಫೋಟೋ. ಅಂಚಿನಲ್ಲಿ ಒಡೆಬುನ್ಮಿ. ಈರುಳ್ಳಿ ಬಣ್ಣದ ಲೇಸು ಬಟ್ಟೆ, ನೀಲಿ ಟೋಪಿ. ನಮ್ಮಲ್ಲಿ ಮದುವೆಗೆ ಯಾರು ಯಾವ ಬಣ್ಣ ತೊಡಬೇಕೆಂದು ಬಟ್ಟೆ ಹಂಚುವುದು ಮನೆಯವರೇ. ಗೆಳೆಯರಿಗೆಲ್ಲ ಹಸಿರು ಹಂಚಿದ್ದಾರೆ. ಈರುಳ್ಳಿ ಬಣ್ಣ ಹೆಣ್ಣಿನ ಮನೆಯವರಿಗೆ ಮಾತ್ರ. ಹೆಣ್ಣಿನ ಅಪ್ಪ ತೊಟ್ಟ ಲೇಸನ್ನೇ ಅಪ್ಪನ ಆಡಿಟರ್ ತೊಟ್ಟು ನಿಂತಿದ್ದಾನೆ. ಯೊರೂಬಾ ಮದುವೆಯಲ್ಲಿ ಇದಕ್ಕಿಂತ ಸಾಕ್ಷಿ ಬೇಕೆ? ಒಡನಾಟ ಇಲ್ಲವಂತೆ, ಒಡನಾಟ!

ಮಾರ್ಚ್ 13

ಒಡೆಬುನ್ಮಿಯನ್ನು ಕಚೇರಿಗೆ ಕರೆಸಿದೆ. ಬೆವರಲೂ ಇಲ್ಲ. ಆಗಲೇ ಅನುಮಾನ ಬರಬೇಕಿತ್ತು.

"ಬಟ್ಟೆ ಕಳ್ಸಿದ್ರು, ತೊಟ್ಕೊಂಡೆ ಮೇಡಂ. ಬೇಡ ಅಂದ್ರೆ ಮುಖಕ್ಕೆ ಉಗಿದಂಗೆ. ನಿಮಗೆ ಗೊತ್ತಿಲ್ವ?"

"ಮನೆಯವರ ಬಟ್ಟೆ ಹಾಕ್ಕೊಂಡು ಮನೆಯವರ ಲೆಕ್ಕ ಹೆಂಗ್ರೀ ನೋಡ್ತೀರ?"

"ಹಾಗಾದ್ರೆ ಆ ಬಟ್ಟೆ ಹಾಕಿದೋರೆಲ್ಲ ಚೀಫ್ ಕಡೆಯೋರೇನಾ?"

"ಎಲ್ಲರೂ."

"ಬರ್ಕೊಂಡ್ರಾ ಅದನ್ನ?"

ಬರೆದುಕೊಂಡಿದ್ದೆ. ನಕ್ಕು, ತನ್ನ ಫೋನು ನನ್ನ ಕಡೆ ತಿರುಗಿಸಿದ. "ಪೇಪರ್ನೋರು ಫೋಟೋ ಕತ್ತರಿಸಿದಾರೆ. ಪೂರ್ತಿ ನೋಡಿ."

ಅವನ ಪಕ್ಕದಲ್ಲೇ, ಜೊಲೊಫ್ ಅನ್ನದ ತಟ್ಟೆ ಹಿಡಿದು, ಬಾಯಿ ತುಂಬ ನಗುತ್ತಾ — ಅಮ್ಮ. ಈರುಳ್ಳಿ ಬಣ್ಣ. ತಲೆಗೆ ಸುತ್ತಿ ಕಟ್ಟಿದ ನೀಲಿ ಗೆಲೆ.

ಮಾರ್ಚ್ 15, ಅಬೆಯೊಕುಟಾ

ಬೈಯಬೇಕೆಂದೇ ಬಸ್ಸು ಹತ್ತಿದ್ದೆ. ಅಮ್ಮ ಬಾಗಿಲಲ್ಲೇ ಶುರು ಮಾಡಿದಳು.

"ಮೊಡುಪೆ ಕಣೇ ರೆಮಿ! ಚೀಫ್ ಹೆಂಡ್ತಿ. ಬಲೋಗುನ್ ಮಾರ್ಕೆಟ್ಟಲ್ಲಿ ಒಂದೇ ಕೊಡೆ ಕೆಳಗೆ ಕೂತು ಬಟ್ಟೆ ಮಾರಿದೋರು ನಾವು. ದುಡ್ಡು ಬಂದ್ಮೇಲೆ ಮರೆತೇ ಬಿಟ್ಲು ಅಂದ್ಕೊಂಡಿದ್ದೆ. ಡ್ರೈವರ್ ಕೈಲಿ ಲೇಸು ಕಳ್ಸಿದಾಳೆ ನೋಡು! ಮುಂದಿನ ಸಾಲಲ್ಲಿ ಕೂರ್ಸಿ, 'ಇವ್ಳು ನಮ್ಮಕ್ಕ' ಅಂದ್ಲು, ಎಲ್ಲರ ಎದುರಿಗೆ."

"ಯಾವಾಗ ಬಂತು ಲೇಸು?"

"ಜನವರಿ ಕೊನೇಲಿ. ನಿನ್ ಆಫೀಸ್ ವಿಚಾರನೂ ಎಷ್ಟ್ ಅಕ್ಕರೆಯಿಂದ ಕೇಳಿದ್ಲು! ಯಾಕೆ, ಪೊಲೀಸ್ನೋಳ ಥರ ಕೇಳ್ತಿದ್ದೀಯ?"

ಮೊಡುಪೆಗೆ ಇಪ್ಪತ್ತು ವರ್ಷ ನೆನಪಾಗದ ಗೆಳತಿ, ಫೈಲು ನನ್ನ ಮೇಜಿಗೆ ಬಂದ ತಿಂಗಳಲ್ಲೇ ನೆನಪಾದಳು. ಆ ಲೇಸು ಕಳಿಸಿದ್ದು ನನಗೆ. ಉಟ್ಟವಳು ಅಮ್ಮ, ಅಷ್ಟೇ. ಗೆಲೆಯನ್ನು ಮತ್ತೆ ಕಟ್ಟಿ ತೋರಿಸಿದಳು. ಚೆನ್ನಾಗಿದೆ ಅಂದೆ. ನಿಜಕ್ಕೂ ಚೆನ್ನಾಗಿತ್ತು.

ಮಾರ್ಚ್ 17

ಮೇಲಧಿಕಾರಿ ಎಕಾನೆಮ್ ಮೇಡಂಗೆ ಹೇಳಿಬಿಟ್ಟೆ.

"ನೀನು ಸುಮ್ನಿದ್ರೆ ಒಡೆಬುನ್ಮಿನೂ ಸುಮ್ನಿರ್ತಾನೆ. ನಿನ್ನ ಜುಟ್ಟು ಅವನ ಕೈಲಿ. ಇದನ್ನೆಲ್ಲ ಬರೆದುಕೊಟ್ರೆ ಫೈಲು ಬೇರೆಯೋರಿಗೆ ಹೋಗುತ್ತೆ, ಅವನ ಮೇಲೆ ಕೇಸು ಉಳಿಯುತ್ತೆ. ಆದ್ರೆ ನಿಮ್ಮಮ್ಮನ್ನೂ ಕರೆಸಿ ಕೇಳ್ಬೇಕಾಗುತ್ತೆ. ಬಟ್ಟೆ ಯಾಕೆ ಬಂತು ಅಂತ."

ಬೇರೆಯವರು ಅಂದರೆ ಯಾರು? ಅವರ ಅಮ್ಮಂದಿರಿಗೆ ಯಾವ ಬಣ್ಣ ಹೋಗಿದೆಯೋ. ಮೇಡಂ ಕುತ್ತಿಗೆಯ ಹವಳವನ್ನೂ ದಿಟ್ಟಿಸಿ ನೋಡಿದೆ. ಥೂ, ನನ್ನ ಬುದ್ಧಿಯೇ.

ಮಾರ್ಚ್ 18, ಬೆಳಿಗ್ಗೆ

ಬರೆಯಲು ಕೂತೆ. ಅಮ್ಮನ ಫೋನು. ಈ ಸಲ ಇಡಲಿಲ್ಲ.

"ಭಾನುವಾರ ಊಟಕ್ಕೆ ಕರೀತೀನಿ ಅಂದಿದ್ಲು ಮೊಡುಪೆ. ಇನ್ನೂ ಫೋನ್ ಮಾಡಿಲ್ಲ. ಮರೆತಿರ್ತಾಳೇನೇ?"

"ಮಾಡ್ತಾಳಮ್ಮ."

"ಏನ್ ಮಾಡ್ತಿದ್ದೀಯ?"

"ಆಫೀಸ್ ಕೆಲಸ."

ಇಲ್ಲೇ ಮೊದಲು ಬರೆದು ನೋಡುತ್ತೇನೆ. ಆಮೇಲೆ ಕಚೇರಿಯ ಹಾಳೆಗೆ —

ನನ್ನ ತಾಯಿ ಅಡುನ್ನಿ ಶೊಡಿಪೊ ಅವರಿಗೆ ಬಂದ ಬಟ್ಟೆ ನನ್ನ ಹುದ್ದೆಯ ಕಾರಣದಿಂದ ಬಂದದ್ದು. ಇದು ಅವರಿಗೆ ತಿಳಿದಿರಲಿಲ್ಲ. ಕಳಿಸಿದವರಿಗೂ ನನ್ನ ತಾಯಿಗೂ ನಡುವೆ ಯಾವ ಸ್ನೇಹವೂ —