ಮೂರನೆಯ ಪಂದ್ಯ

೬ ಅಕ್ಟೋಬರ್ ೧೯೬೫, ಬುಧವಾರ

ಸೋತಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಸೋಲದೆಯೇ ಯುರೋಪಿನ ಫುಟ್‌ಬಾಲ್ ಪಂದ್ಯಾವಳಿ ಕಪ್ ವಿನ್ನರ್ಸ್ ಕಪ್‌ನಿಂದ ಹೊರಬಿದ್ದಿದ್ದೇವೆ.

ಮೊದಲ ಪಂದ್ಯ ಹಂಗೇರಿಯಲ್ಲಿ ಸೊನ್ನೆ-ಸೊನ್ನೆ, ಎರಡನೆಯದು ಇವತ್ತು ನಮ್ಮ ಮೈದಾನದಲ್ಲಿ ಒಂದು-ಒಂದು. ಸಮವಾದರೆ ಮೂರನೆಯ ಪಂದ್ಯ, ಅದು ಹಳೆಯ ಪದ್ಧತಿ. ಮ್ಯಾನೇಜರ್ ಎಮ್ರಿಸ್ ಗೆರೆಯಾಚೆ ನಿಂತು ಗಂಟಲು ಹರಿದುಕೊಂಡ: "ಆಚೆಗೆ ಒದಿಯೋ ಇಡ್ವಾಲ್! ಸಮ ಆದ್ರೆ ಸಾಕು!" ನಾನು ಚೆಂಡನ್ನು ರೈಲು ಹಳಿಯವರೆಗೂ ಒದ್ದೆ. ಸೀಟಿ ಊದಿದಾಗ ಹಂಗೇರಿಯವರು ಕುಣಿದರು. ಹುಚ್ಚು ಹಿಡಿದಿದೆಯೆಂದು ನಾವು ನಕ್ಕೆವು. ವೇಲ್ಸಿನ ಮಾನ ಉಳಿಯಿತೆಂದು ನಮ್ಮ ಜನ ಹಾಡಿಕೊಂಡೇ ಮನೆಗೆ ಹೋದರು.

ಆಮೇಲೆ ರೆಫರಿ ಬಂದು ಹೇಳಿದ. ಈ ವರ್ಷ ಹೊಸ ನಿಯಮ: ಒಟ್ಟು ಸಮವಾದರೆ, ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರೇ ಮುಂದಕ್ಕೆ. ನಮ್ಮಲ್ಲಿ ಅವರದು ಒಂದು, ಅವರಲ್ಲಿ ನಮ್ಮದು ಸೊನ್ನೆ. ಮ್ಯಾನೇಜರಿಗೇ ಗೊತ್ತಿರಲಿಲ್ಲ! ಆದರೂ ಪತ್ರಿಕೆಯವರ ಮುಂದೆ ನನ್ನ ಕಡೆ ಬೆರಳು ತೋರಿಸಿದ. "ಮುಂದಕ್ಕೆ ನುಗ್ಗಿ ಅಂತ ಬಡ್ಕೊಂಡೆ. ಈ ಇಡ್ವಾಲ್ ಕೇಳಿದ್ರೆ ತಾನೆ?" ಅವನ ಬಾಯಿಗಿಷ್ಟು ಮಣ್ಣು ಹಾಕ.

ಮನೆಗೆ ಬಂದರೆ ಹೆಂಡತಿ ಗ್ಲೆನಿಸ್ ಇನ್ನೂ ಅದೇ ಹಾಡು ಗುನುಗುತ್ತಿದ್ದಳು. ಕುರಿಮಾಂಸದ ಸಾರು ಬಡಿಸುತ್ತಾ ಕೇಳಿದಳು: "ಏನ್ ಒದ್ದ್ರಿ ರೀ ನೀವು ಚೆಂಡನ್ನ, ಹಳಿ ತನಕ! ಮೂರನೇ ಪಂದ್ಯ ಯಾವತ್ತು? ಅದಕ್ಕೂ ಬರ್ತೀನಿ ನಾನು."

ಸಾರು ತುಂಬಾ ಬಿಸಿ ಎಂದೆ. ನಾಳೆ ಅವಳಿಗೆ ಪೇಪರು ಹೇಳುತ್ತದೆ, ಅದೂ ಎಮ್ರಿಸ್ ಹೇಳಿದಂತೆ, ತಪ್ಪೆಲ್ಲ ನನ್ನದೇ ಎಂದು.