ಖಾಲಿ ತಟ್ಟೆ

ಪ್ರೀತಿಯ ಅಪ್ಪನಿಗೆ,

ನಿಮ್ಮ ಕಾಲಿನ ಗಾಯದ ಕೀವನ್ನು ಗಾಜಿನ ತಟ್ಟೆಗೆ ಸವರಿ, ಲ್ಯಾಬಿನಲ್ಲಿ ಮೈಬಿಸಿಯಷ್ಟೇ ಬೆಚ್ಚಗೆ ಎರಡು ದಿನ ಇಟ್ಟಿದ್ದೆ. ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುವ ಜಾತಿ. ಹೋದ ವಾರ ತಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಂದು ಒಂದು ಚುಕ್ಕೆಯೂ ಇಲ್ಲ! ನನ್ನ ಕೈಯನ್ನು ನಾನೇ ನಂಬದೆ ಮೂರು ತಟ್ಟೆಗೆ ಸವರಿದ್ದೆ. ಮೂರೂ ಖಾಲಿ. ಇನ್ನು ಕಾಲು ತೆಗೆಯುವ ಮಾತಿಲ್ಲ.

ಫೋನಿನಲ್ಲಿ ಅಮ್ಮ, “ತಟ್ಟೆ ಖಾಲಿ ಅಂತ ಯಾರಾದ್ರೂ ಕುಣೀತಾರೇನೇ?” ಎಂದು ಬೈದಳು. ಅರ್ಥವಾದ ಮೇಲೆ ತಾನೇ ಕುಣಿದಳು.

ಹತ್ತು ಗಂಟೆಗೆ ಡಾಕ್ಟರು ಬಂದು ಹೇಳುವವರೆಗೆ ಇದು ಗುಟ್ಟು. ಈ ಚೀಟಿಯನ್ನು ದಿಂಬಿನಡಿ ಬಚ್ಚಿಡಿ, ಏನೂ ತಿಳಿಯದವರಂತೆ ಮಲಗಿರಿ. ದಯವಿಟ್ಟು, ಅವರು ಬರುವ ಮೊದಲೇ ಎರಡೂ ಚಪ್ಪಲಿ ಮೆಟ್ಟಿಕೊಂಡು ಕೂತಿರಬೇಡಿ.

ಕೆಳಮಹಡಿಯ ಲ್ಯಾಬಿನಿಂದ,
ನಿಮ್ಮ ಮಗಳು