ಪರ್ವಕ್ಕೆ ಮುಂಚಿನ ಜಾಲಿ ಸೊಪ್ಪು

೧೪ ಆಗಸ್ಟ್ ೧೯೮೧

ವಿಷ ಅಲ್ಲ. ಜಾಲಿ ಸೊಪ್ಪು. ಬುಟ್ಟಿಗೆ ಕಣ್ಣು ಹಾಯಿಸಿದ್ದರೆ ಗೊತ್ತಾಗುತ್ತಿತ್ತು. ಕರುವಿಗೆ ವಿಷ ಹಾಕಿದ ಅಂತ ಅಪ್ಪ ಹಳೇಬೀಡಿಗೆಲ್ಲ ಕೇಳುವ ಹಾಗೆ ಕೂಗಬೇಕಿರಲಿಲ್ಲ.

ಕೆಂಪು ಕರು ಸೊರಗಿದ್ದು ನಾನು ಸೊಪ್ಪು ಹಾಕುವುದಕ್ಕೂ ಮೊದಲೇ. ಭೇದಿ. ಗದ್ದದ ಕೆಳಗೆ ಬಾವು, ಮುಟ್ಟಿದರೆ ನೀರಿನ ಚೀಲ. ಜಂತುಹುಳ. ಬೇಲೂರಿನ ದನದ ಡಾಕ್ಟರು ಬರೆದ ಔಷಧಿಯನ್ನು ಅಪ್ಪ ತರಲೇ ಇಲ್ಲ.

"ಹೊಟ್ಟೆ ಒಳಗಿರೋದೂ ಜೀವಾನೇ ಕಣೋ ಬ್ರಹ್ಮ. ಹುಳ ಕೊಲ್ಲೋ ಔಷಧಿ ನಮ್ಮನೇಗೆ ಬ್ಯಾಡ."

"ಕರು ಏನು, ಕಲ್ಲಾ?"

ಕಪಾಳಕ್ಕೆ ಬಿತ್ತು. ಅದು ಹಿಂಸೆ ಅಲ್ಲವಂತೆ.

೧೬ ಆಗಸ್ಟ್

ಸೊಪ್ಪಿನ ವಿಷಯ ನನಗೆ ಹೇಳಿದ್ದು ಕುರಿ ಕಾಯುವ ಲಕ್ಕಪ್ಪ. ಇವತ್ತು ಅಪ್ಪನ ಎದುರಿಗೇ ಕರೆಸಿದೆ.

"ಕೆರೆ ಅಂಗಳದ ಎಳೇ ಹುಲ್ಲಲ್ಲೇ ಹುಳ ಇರೋದು ಸ್ವಾಮಿ. ಜಾಲಿ ಒಗರು. ಒಗರು ಹುಳಕ್ಕೆ ಆಗಕ್ಕಿಲ್ಲ. ದಿನಾ ಒಂದ್ ಹಿಡಿ, ಅಷ್ಟೆ. ಜಾಸ್ತಿ ಆದ್ರೆ ಹೊಟ್ಟೆ ಕಟ್ಕಂತದೆ."

ಅಪ್ಪ ತುಂಬ ಹೊತ್ತು ಗಡ್ಡ ಕೆರೆದುಕೊಂಡರು. "ಮೇವು ತಾನೆ? ಮೇವು ತಿಂದು ಹುಳ ತಾನಾಗೇ ಹೋದ್ರೆ ನಮ್ಗೆ ಪಾಪ ಇಲ್ಲ."

ಔಷಧಿ ಆದರೆ ಪಾಪ. ಮೇವು ಆದರೆ ಇಲ್ಲ. ಏನಾದರೂ ಅಂದುಕೊಳ್ಳಲಿ... ಕರು ಉಳಿದರೆ ಸಾಕು.

೩೦ ಆಗಸ್ಟ್

ಬಾವು ಇಳಿದಿದೆ. ಸಗಣಿ ಗಟ್ಟಿ. ಅಮ್ಮನ ಸೆರಗು ಎಳೆದು ಅಗಿಯಿತು. "ಥೂ ನಿನ್ನ, ಹೊಸ ಸೀರೆ ಕಣೇ!" ಅಂತ ಬೈದಳು. ಬೈಯುತ್ತಲೇ ನಕ್ಕಳು.

ಅಪ್ಪ ಬಸದಿಯಿಂದ ಬಂದು ಕರುವಿನ ಬೆನ್ನು ತಟ್ಟಿದರು. ನನ್ನ ಕಡೆ ನೋಡಲಿಲ್ಲ.

೨ ಸೆಪ್ಟೆಂಬರ್, ಸಂಜೆ

ನಾಳೆಯಿಂದ ನಮ್ಮ ಜೈನರ ದಶಲಕ್ಷಣ ಪರ್ವ. ಹತ್ತು ದಿನ ನಮ್ಮ ಮನೆಯವರು ಯಾರೂ ಒಂದು ಎಲೆ ಕೀಳುವಂತಿಲ್ಲ. ಲಕ್ಕಪ್ಪನಿಗೆ ಹೇಳಿ ಅವನ ಕೈಯಲ್ಲೇ ಸೊಪ್ಪು ಹಾಕಿಸೋಣ ಅಂದುಕೊಂಡಿದ್ದೆ.

ಕೊಬ್ಬರಿ ಮಾರಲು ಅರಸೀಕೆರೆಗೆ ಹೋಗಿ, ಬಸ್ಸಿಳಿದು ಬಂದು ನೋಡಿದರೆ ಗೋದಲಿ ತುಂಬ ಬರೀ ಜಾಲಿ ಕಡ್ಡಿ. ಸೊಪ್ಪೆಲ್ಲ ಕರುವಿನ ಹೊಟ್ಟೆಯಲ್ಲಿ. ಪಕ್ಕದಲ್ಲಿ ಅಪ್ಪ.

"ಹತ್ತು ದಿನದ್ದು ಒಟ್ಗೇ ತಿನ್ಸಿದೀನಿ. ಪರ್ವದಲ್ಲಿ ತಾಪತ್ರಯ ಇಲ್ಲ."

"ಒಂದ್ ಹಿಡಿ ಅಂದಿದ್ದು ಕೇಳಿಸ್ಲಿಲ್ವಾ ನಿಮ್ಗೆ?"

"ಎಂಟನೇ ಕ್ಲಾಸ್ ದಾಟದೋನು ನಂಗೆ ಬುದ್ಧಿ ಹೇಳ್ತಾನೆ!"

೪ ಸೆಪ್ಟೆಂಬರ್

ಸಗಣಿ ಹಾಕಿಲ್ಲ. ಹೊಟ್ಟೆ ಕಲ್ಲು. ಹುಲ್ಲಿಗೆ ಬಾಯಿ ಹಾಕುವುದಿಲ್ಲ, ಹಲ್ಲು ಕಡಿಯುತ್ತದೆ. ಅಮ್ಮ ಹರಳೆಣ್ಣೆ ತಂದು ಕುಡಿಸಿದಳು. ಏನೂ ಆಗಲಿಲ್ಲ.

ಅಪ್ಪ ಉಪವಾಸ.

೫ ಸೆಪ್ಟೆಂಬರ್, ಬೆಳಿಗ್ಗೆ

ಕರು ಏಳುತ್ತಿಲ್ಲ. ಉಸಿರು ಮಾತ್ರ ಇದೆ.

"ನಿನ್ ಜಾಲಿ ಸೊಪ್ಪೇ ಇದನ್ನ ತಿಂತು," ಅಂದರು ಅಪ್ಪ.

ನನ್ನದಂತೆ.

ಬೇಲೂರಿಗೆ ಒಯ್ಯುತ್ತೇನೆ ಅಂದೆ. ಲಕ್ಕಪ್ಪ ಯಾರದೋ ಗಾಡಿ ಹೂಡಿಸಿಕೊಂಡು ಬಂದಿದ್ದ.

"ಡಾಕ್ಟ್ರು ಹುಳದ್ ಔಷಧೀನೂ ಕೊಡ್ತಾರೆ," ಅಂದರು ಅಪ್ಪ. "ಪರ್ವದಾಗೆ ಆ ಪಾಪ ನಂಗೆ ಬ್ಯಾಡ. ಕರು ಹೊಸಿಲು ದಾಟಿದ್ರೆ ನೀನೂ ವಾಪಸ್ ಬರ್ಬೇಡ."

"ಬರಲ್ಲ."

ಅಮ್ಮ ಅಳುತ್ತಲೇ ಹಿಂಗಾಲು ಹಿಡಿದಳು. ಮೂವರೂ ಸೇರಿ ಗಾಡಿಗೆ ಹತ್ತಿಸಿದೆವು.

ಅಂಗಿ ತೆಗೆದುಕೊಳ್ಳಲು ಒಳಗೆ ಬಂದಿದ್ದೇನೆ. "ಬಿರ್ನೆ ಬಾರಪ್ಪಾ!" ಅಂತ ಲಕ್ಕಪ್ಪ ಕೂಗುತ್ತಿದ್ದಾನೆ. ನಡುಮನೆಯಲ್ಲಿ ಅಪ್ಪ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದಾರೆ. ಮುಚ್ಚಿಕೊಳ್ಳಲಿ. ಕಿವಿ ತೆರೆದೇ ಇರುತ್ತದಲ್ಲ. ಈ ಬಾಗಿಲನ್ನು ಹೇಗೆ ಬಡಿದು ಹೋಗುತ್ತೇನೆ ಅಂದರೆ —